ನೂರಿಪ್ಪತ್ತು ಎಂಬತ್ತು

ಆ ಗುಳಿ ತುಂಬಲು ಎಷ್ಟು ಹೊತ್ತು ಹಿಡಿಯಿತೋ, ಅವಳು ನಿಂತು ನೋಡಲಿಲ್ಲ. ಬೆಳಗ್ಗೆ ಎದ್ದು ಹಲ್ಲುಜ್ಜುವಾಗ ಮೊದಲು ನೆನಪಾದದ್ದು ಅದೇ. ನಿನ್ನೆ ಕೊನೆಯ ಓಣಿಯ ಕೊನೆಯ ಮನೆಯಲ್ಲಿ, ತುಂಬಿದ ಬಸುರಿಯ ಮೊಣಕಾಲಿನ ಕೆಳಗೆ, ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಐದು ಎಣಿಸುವವರೆಗೆ ಒತ್ತಿ ತೆಗೆದಿದ್ದಳು. ಬೆರಳಿನ ಅಚ್ಚು ಹಸಿ ಸಿಮೆಂಟಿನಲ್ಲಿ ಉಳಿದ ಹಾಗೆ ಅಲ್ಲೇ ಉಳಿಯಿತು. ಹುಡುಗಿ ಅದನ್ನು ನೋಡಿ ನಕ್ಕಿದ್ದಳು. "ನೋಡಕ್ಕಾ, ನಾನು ಹಿಟ್ಟಾಗಿಬಿಟ್ಟಿದ್ದೀನಿ" ಎಂದಿದ್ದಳು. ಇವಳೂ ನಕ್ಕಿದ್ದಳು. ನಕ್ಕು, ಕಾರ್ಡು ತೆಗೆದು, ಬಿ.ಪಿ. ಎಂದು ಅಚ್ಚಾಗಿದ್ದ ಚೌಕದಲ್ಲಿ ದುಂಡಗೆ ಬರೆದಿದ್ದಳು: ನೂರಿಪ್ಪತ್ತು, ಒಂದು ಓರೆ ಗೆರೆ, ಎಂಬತ್ತು. ಅಕ್ಷರ ಚೆನ್ನಾಗಿದೆ ಎಂದು ಆರೋಗ್ಯ ಕೇಂದ್ರದಲ್ಲಿ ಎಲ್ಲರೂ ಹೇಳುತ್ತಾರೆ. ಬಾಯಿಯ ನೊರೆ ಉಗಿದು ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ನಿನ್ನೆ ಆ ಸಂಖ್ಯೆ ಬರೆಯುವಾಗ ಈ ಮುಖ ಹೇಗಿತ್ತು? ಯಾರಿಗೂ ಏನೂ ಕಾಣದ ಹಾಗೆ ಇತ್ತು, ಅಷ್ಟೇ ಗೊತ್ತು.

ಹಿಂದಿನಿಂದ ಗಂಡ ಏನೋ ಹೇಳಿದ್ದಿರಬೇಕು, ಗಾಳಿ ಸ್ವಲ್ಪ ಅಲುಗಿದಂತಾಯಿತು. "ಹಾಂ" ಎಂದಳು. ಅವನು ಬಳಸಿಕೊಂಡು ಮುಂದೆ ಬಂದು, ಚಿಕ್ಕ ಮಗುವಿಗೆ ಹೇಳುವವನಂತೆ ಬಾಯಿ ಅಗಲಿಸಿ, "ಟವೆಲ್ ಎಲ್ಲಿ ಅಂದೆ. ಟವೆಲ್ ಎಲ್ಲಿ ಅಂದ್ರೆ ಹಾಂ ಅಂತಾರಾ?" ಎಂದ. ತಂತಿಯ ಮೇಲಿತ್ತು, ತೋರಿಸಿದಳು. ಅವನು ಒಳ್ಳೆಯವನು. ಮನೆಗೆ ಬಂದವರ ಮುಂದೆಲ್ಲ, "ಮದುವೆಯಾಗಿ ಹನ್ನೆರಡು ವರ್ಷ, ಒಂದು ದಿನ ನನ್ನ ಮಾತು ಕೇಳಿದವಳಲ್ಲ" ಎಂದು ಹೇಳಿ ನಗಿಸುತ್ತಾನೆ. ಎಲ್ಲರಿಗಿಂತ ಜೋರಾಗಿ ನಗುವವಳು ಅವಳೇ. ಕೇಳುವುದು ಎಂಬ ಮಾತಿನಲ್ಲಿ ಎಷ್ಟೊಂದು ಕೋಣೆಗಳಿವೆ, ಒಂದರಲ್ಲಿ ಹುಡುಕಲು ಬಂದವರಿಗೆ ಇನ್ನೊಂದರಿಂದ ಕೈಬೀಸಬಹುದು. ಗಂಡನ ಮಾತು ಕೇಳದ ಹೆಂಡತಿ ಎನಿಸಿಕೊಂಡರೆ ಅದೊಂದು ತಮಾಷೆ. ಕಿವಿ ಕೇಳದ ಹೆಂಡತಿ ಎಂದರೆ ಬೇರೆ.

ಮಗಳು ಹುಟ್ಟಿದ ಮೇಲೆ ಶುರುವಾದದ್ದು. ಮೊದಲು ಎಡಕಿವಿ. ಮಗು ಎಡಕ್ಕೆ ಮಲಗಿದ್ದಾಗ ಅತ್ತದ್ದು ಗೊತ್ತಾಗದೆ, ಎದ್ದು ನೋಡಿದರೆ ಅತ್ತೂ ಅತ್ತೂ ಕೆಂಪಾಗಿ ಬೆವರಿ ಸುಸ್ತಾಗಿದ್ದ ಮಗು ಅವಳನ್ನೇ ದಿಟ್ಟಿಸುತ್ತಿತ್ತು. ಅಂದಿನಿಂದ ಬಲಕ್ಕೆ ಮಲಗಿಸಿದಳು. ಈಗ ಒಂದೆರಡು ವರ್ಷದಿಂದ ಬಲಕಿವಿಯೂ ನೀರು ಹೊಕ್ಕ ಹಾಗೆ. ವಿಚಿತ್ರವೆಂದರೆ ಗದ್ದಲದಲ್ಲಿ ಚೆನ್ನಾಗಿ ಕೇಳಿಸುತ್ತದೆ. ನಲ್ಲಿಯ ಹತ್ತಿರ ಹತ್ತು ಜನ ಜಗಳವಾಡುವಾಗ, ಬಸ್ಸಿನ ಇಂಜಿನ್ ಪಕ್ಕ ನಿಂತಾಗ ಎಲ್ಲರೂ ದನಿ ಎತ್ತುತ್ತಾರೆ, ಅವಳು ಎಲ್ಲರಂತೆ ಆಗಿಬಿಡುತ್ತಾಳೆ. ಮೌನದಲ್ಲೇ ಕಿವುಡು. ಓಣಿಗಳಲ್ಲಿ ಮೌನ ಎಂಬುದೇ ಇಲ್ಲವಾದ್ದರಿಂದ ಅಲ್ಲಿ ಏಳು ವರ್ಷ ಆರೋಗ್ಯ ಕಾರ್ಯಕರ್ತೆಯಾಗಿ ಮಾತ್ರೆ ಹಂಚಿಕೊಂಡು, ಮಕ್ಕಳ ತೂಕ ನೋಡಿಕೊಂಡು, ತುಟಿ ನೋಡಿ ಮಾತು ಹಿಡಿದುಕೊಂಡು ದಾಟಿಸಿದ್ದಳು. ತುಟಿ ತಪ್ಪಿದಾಗ ಒಂದು ಹಾಂ. ಅದು ಹೌದು ಎಂದೂ ಆಗುತ್ತದೆ, ಏನು ಎಂದೂ ಆಗುತ್ತದೆ. ಎದುರಿನವರು ತಮಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ. ಓಣಿಯ ಮಕ್ಕಳು ಮಾತ್ರ ಮೋಸಹೋಗಲಿಲ್ಲ, ಅವಳಿಗೆ ಹಾಂ ಅಕ್ಕ ಎಂದು ಹೆಸರಿಟ್ಟರು. ಈಗ ದೊಡ್ಡವರೂ ಹಾಗೆಯೇ ಕರೆಯುತ್ತಾರೆ, ಅದರಲ್ಲಿ ಕೆಟ್ಟದ್ದೇನೂ ಇಲ್ಲವೆಂಬಂತೆ.

ಕೇಂದ್ರಕ್ಕೆ ನಡೆಯುವ ದಾರಿಯಲ್ಲಿ, ಅಲ್ಲಿನ ಸಿಸ್ಟರಿಗೆ ಹೇಳಬೇಕಾದ ವಾಕ್ಯವನ್ನು ಜೋಡಿಸಿಕೊಂಡಳು. ಸಿಸ್ಟರ್, ಕೊನೇ ಮನೆ ಹುಡುಗಿದು ಇನ್ನೊಂದು ಸಲ ನೀವೇ ಬಿ.ಪಿ. ನೋಡಿಬಿಡಿ. ಬೇಡ, ಯಾಕೆ ಎನ್ನುತ್ತಾರೆ. ಸಿಸ್ಟರ್, ಕಾಲು ಊದಿದೆ, ನನಗ್ಯಾಕೋ ಅನುಮಾನ. ಅನುಮಾನ ಇದ್ದರೆ ನಾರ್ಮಲ್ ಅಂತ ಯಾಕೆ ಬರೆದೆ ಎನ್ನುತ್ತಾರೆ. ಪ್ರತಿ ವಾಕ್ಯದ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುತ್ತಿತ್ತು, ಆ ಪ್ರಶ್ನೆಗಳೆಲ್ಲ ಕೊನೆಗೆ ಅವಳ ಕಿವಿಯ ಮುಂದೆ ಬಂದು ನಿಲ್ಲುತ್ತಿದ್ದವು. ಬ್ಯಾಟರಿ ಮೆಷಿನ್ ಇದ್ದಾಗ ಈ ಯಾವ ತೊಂದರೆಯೂ ಇರಲಿಲ್ಲ. ಪಟ್ಟಿ ಕಟ್ಟಿ ಗುಂಡಿ ಒತ್ತಿದರೆ ಸಂಖ್ಯೆ ತಾನೇ ಬರುತ್ತಿತ್ತು. ಆರು ತಿಂಗಳ ಹಿಂದೆ ಅವನ್ನೆಲ್ಲ ರಿಪೇರಿಗೆಂದು ಒಯ್ದು, ಬದಲಿಗೆ ರಬ್ಬರ್ ಬುರುಡೆ ಅಮುಕುವ, ಗಡಿಯಾರದಂಥ ಮುಖದಲ್ಲಿ ಒಂದೇ ಮುಳ್ಳು ಇರುವ ಹಳೆಯ ಮೆಷಿನ್ನು, ಜೊತೆಗೆ ಕಿವಿಗಿಡುವ ಕೊಳವೆ ಕೊಟ್ಟರು. ಎರಡು ಗಂಟೆಯ ತರಬೇತಿ. ಸಿಸ್ಟರ್ ಹೇಳಿದ್ದರು: "ಗಾಳಿ ತುಂಬಿ, ಮೆಲ್ಲಗೆ ಬಿಡ್ತಾ ಬನ್ನಿ. ಟಕ್ ಟಕ್ ಅಂತ ಶುರುವಾದಾಗ ಮುಳ್ಳು ಎಲ್ಲಿರುತ್ತೋ ಅದು ಮೇಲಿಂದು. ಶಬ್ದ ನಿಂತಾಗ ಎಲ್ಲಿರುತ್ತೋ ಅದು ಕೆಳಗಿಂದು. ಕೇಳಿಸ್ತಾ?" ಎಲ್ಲರೂ ತಲೆಯಾಡಿಸಿದರು. ಅವಳ ಸರದಿ ಬಂದಾಗ ಕೊಳವೆ ಕಿವಿಗಿಟ್ಟರೆ ಖಾಲಿ ಡ್ರಮ್ಮಿನೊಳಗೆ ತಲೆ ಹಾಕಿದಂತಾಯಿತು. ಮುಳ್ಳು ಇಳಿಯಿತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಪಾಠದ ಹಾಳೆಯಲ್ಲಿ ಆರೋಗ್ಯವಂತರದು ಎಂದು ಬರೆದಿದ್ದನ್ನೇ ಹೇಳಿದಳು: ನೂರಿಪ್ಪತ್ತು, ಎಂಬತ್ತು. "ಕರೆಕ್ಟ್" ಎಂದರು ಸಿಸ್ಟರ್. ತೋಳು ಕೊಟ್ಟು ಕೂತಿದ್ದ ಜೊತೆಗಾತಿ ನಿಜವಾಗಿಯೂ ಆರೋಗ್ಯವಂತಳಾಗಿದ್ದಳು. ಆ ಒಂದು ಕರೆಕ್ಟ್ ಅವಳನ್ನು ಕೆಡಿಸಿತು. ತಪ್ಪು ಎಂದಿದ್ದರೆ ಅಂದೇ ಮುಗಿದುಹೋಗುತ್ತಿತ್ತು.

ಆಮೇಲೆ ಬರೆಯುತ್ತಾ ಹೋದಳು. ಬರೀ ನೂರಿಪ್ಪತ್ತು ಎಂಬತ್ತು ಇದ್ದರೆ ಅನುಮಾನ ಬಂದೀತೆಂದು ನಡುನಡುವೆ ನೂರ ಹದಿನೆಂಟು ಎಪ್ಪತ್ತೆಂಟು, ತೆಳ್ಳಗಿದ್ದವರಿಗೆ ನೂರ ಹತ್ತು ಎಪ್ಪತ್ತು. ಅದು ಜಾಣತನ. ಒಂದೇ ಸಂಖ್ಯೆ ಬರೆದಿದ್ದರೆ ದಡ್ಡಿ ಎನ್ನಬಹುದಿತ್ತು. ಕಣ್ಣಿಗೆ ಪೊರೆ ಬಂದ ಜೊತೆಗಾತಿಯೊಬ್ಬಳಿಗೆ ಕೇಂದ್ರದಲ್ಲಿ, "ಸ್ವಲ್ಪ ದಿನ ಮನೇಲಿ ರೆಸ್ಟ್ ತಗೊಳಮ್ಮ" ಎಂದಿದ್ದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಅವಳು ಈಗ ಸಂತೆಗೆ ಹೋಗುವವರನ್ನು ಕಿಟಕಿಯಲ್ಲಿ ಕೂತು ಮಾತಾಡಿಸುತ್ತಾಳೆ, ಯಾರ ಮನೆಯಲ್ಲಿ ಯಾರಿಗೆ ಜ್ವರ ಎಂದು ವಿಚಾರಿಸುತ್ತಾಳೆ, ಯಾರೂ ನಿಂತು ಉತ್ತರ ಹೇಳುವುದಿಲ್ಲ. ಈ ಕೆಲಸಕ್ಕೆ ಬರುವ ಮುಂಚೆ ಇವಳು ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಿದ್ದವಳು. ಆಗ ಯಾರೂ ಬಾಗಿಲಲ್ಲಿ ನಿಂತು, ಅಕ್ಕಾ ಒಳಗೆ ಬಾ, ಕೂತ್ಕೋ ಎಂದಿರಲಿಲ್ಲ.

ಕೇಂದ್ರದಲ್ಲಿ ಸಿಸ್ಟರ್ ಕಂಪ್ಯೂಟರಿಗೆ ಮುಖ ಕೊಟ್ಟು, ಅವಳಿಗೆ ಬೆನ್ನು ಕೊಟ್ಟು ಕೂತಿದ್ದರು. ತಿಂಗಳ ವರದಿ ಮಧ್ಯಾಹ್ನದೊಳಗೆ ಹೋಗಬೇಕಂತೆ. ಪಕ್ಕದಲ್ಲಿ ಇಬ್ಬರು ಕಾರ್ಯಕರ್ತೆಯರು ರಿಜಿಸ್ಟರ್ ಹಿಡಿದು ನಿಂತಿದ್ದರು. ಫ್ಯಾನು ತಿರುಗುತ್ತಿತ್ತು. ಅವಳು ಮೇಜಿನ ಅಂಚು ಮುಟ್ಟಿ, "ಸಿಸ್ಟರ್, ಆ ಕೊನೇ ಮನೆ ಹುಡುಗಿ..." ಎಂದು ಶುರುಮಾಡಿದಳು. ಅವಳ ದನಿ ಅವಳಿಗೆ ತಲೆಯೊಳಗೆ ದೊಡ್ಡದಾಗಿ ಕೇಳುತ್ತದೆ, ಹಾಗಾಗಿ ಹೊರಗೆ ಯಾವಾಗಲೂ ಸಣ್ಣ. ಸಿಸ್ಟರ್ ತಿರುಗದೆಯೇ ಏನೋ ಕೇಳಿದರು. ಬೆನ್ನಿನ ಮೇಲಿನ ಜಡೆ ಅಲುಗಿದ್ದು ಕಂಡಿತು. "ಹಾಂ?" ಎಂದಳು ಇವಳು. ಸಿಸ್ಟರ್ ತಲೆಯಾಡಿಸಿದರು, ಬೆರಳು ಕೀಲಿಗಳ ಮೇಲೆ ಓಡಿತು, ಪರದೆಯಲ್ಲಿ ಅವಳ ಓಣಿಗಳ ಹೆಸರಿನ ಪಕ್ಕ ನಾರ್ಮಲ್, ನಾರ್ಮಲ್, ನಾರ್ಮಲ್ ಎಂದು ಮೇಲಿಂದ ಕೆಳಗೆ ಇಳಿಯುತ್ತಾ ಬಂತು. ಆಗ ಗೊತ್ತಾಯಿತು. ಎಲ್ಲ ನಾರ್ಮಲ್ ತಾನೆ ಎಂದು ಕೇಳಿದ್ದರು. ಹಾಂ ಎಂದಿದ್ದಳು. ಈಗಲಾದರೂ, ಅಲ್ಲ ಸಿಸ್ಟರ್, ನಾನು ಹೌದು ಅನ್ನಲಿಲ್ಲ, ಏನು ಅಂದೆ ಎನ್ನಬಹುದಿತ್ತು. ಬಾಯಿ ತೆರೆದಳು ಕೂಡ. ಪಕ್ಕದವಳು ಮೊಣಕೈಯಿಂದ ತಿವಿದು, ಮುಖಕ್ಕೆ ಮುಖ ತಂದು, "ಹಾಂ ಅಕ್ಕಂದು ಬೇಗ ಮುಗೀತು ನೋಡ್ರೇ. ನಮ್ದೇ ಒಂದಲ್ಲ ಒಂದು ರಗಳೆ. ಇವಳ ಓಣಿಗಳಲ್ಲಿ ಕಾಯಿಲೆ ಅನ್ನೋದೇ ಬರಲ್ಲ, ಅಷ್ಟು ಒಳ್ಳೆ ಕೈ" ಎಂದಳು. ಎಲ್ಲರೂ ನಕ್ಕರು. ಸಿಸ್ಟರ್ ಕೂಡ ತಿರುಗಿ ನಕ್ಕರು. ತಿರುಗಿದ ಆ ಮುಖಕ್ಕೆ, ತುಟಿಗಳು ಕಾಣುತ್ತಿದ್ದ ಆ ಒಂದು ಕ್ಷಣದಲ್ಲಿ, ಅವಳೂ ನಕ್ಕಳು. ನಕ್ಕು ಹೊರಗೆ ಬಂದಳು.

ಚೀಲದಲ್ಲಿ ಮಾತ್ರೆಗಳಿದ್ದವು. ಮೊದಲನೆಯ ಓಣಿ, ಎರಡನೆಯ ಓಣಿ. ಎಲ್ಲಿ ಹೋಗಬೇಕೋ ಅದನ್ನು ಬಿಟ್ಟು ಎಲ್ಲೆಲ್ಲೂ ಹೋದಳು. ಮೋರಿಯ ಮೇಲೆ ಹಾಸಿದ ಕಲ್ಲುಗಳಲ್ಲಿ ಯಾವುದು ಅಲುಗುತ್ತದೆ, ಯಾವುದು ಗಟ್ಟಿ ಎಂದು ಕಾಲಿಗೇ ಗೊತ್ತು. "ಹಾಂ ಅಕ್ಕ ಬಂದ್ಲು, ಚುಚ್ತಾಳೆ, ಓಡ್ರೋ!" ಎಂದು ಮಕ್ಕಳು ಚದುರಿದವು, ಚುಚ್ಚುವವಳು ತಾನಲ್ಲವೆಂದು ಗೊತ್ತಿದ್ದೂ. ಒಂದು ಮನೆಯಲ್ಲಿ ಮಗುವಿನ ತೂಕ ನೋಡಿದಳು, ತಕ್ಕಡಿಯ ಮುಳ್ಳು ನಿಂತ ಕಡೆ ಕಣ್ಣಿಟ್ಟು ಎರಡು ಸಲ ನೋಡಿ ನಿಜವಾದ ಸಂಖ್ಯೆ ಬರೆದಳು. ಇಲ್ಲಿ ಕಣ್ಣು ಸಾಕು. ಬಿ.ಪಿ.ಯನ್ನೂ ಜನ ನೋಡುವುದು ಎಂದೇ ಅಂತಾರಲ್ಲ. ಅಕ್ಕಾ, ಬಿ.ಪಿ. ನೋಡು. ಡಾಕ್ಟ್ರು ಬಿ.ಪಿ. ನೋಡಿದ್ರಾ? ಅವಳೂ ನೋಡಿಯೇ ಇದ್ದಳಲ್ಲ. ನಿನ್ನೆ ಗಾಳಿ ಬಿಡುವಾಗ ಮುಳ್ಳು ಸುಮ್ಮನೆ ಇಳಿಯಲಿಲ್ಲ. ನೂರ ಎಪ್ಪತ್ತರ ಹತ್ತಿರ ಒಮ್ಮೆ ಮಿಡುಕಿತು. ಆಮೇಲೆ ಪ್ರತಿ ಇಳಿತಕ್ಕೂ ಸಣ್ಣಗೆ ಕುಪ್ಪಳಿಸುತ್ತಾ ಬಂತು, ಹಕ್ಕಿ ಮೆಟ್ಟಿಲಿಳಿದ ಹಾಗೆ. ಬೇರೆಯವರ ತೋಳಿನಲ್ಲಿ ಮುಳ್ಳು ಅಷ್ಟು ಮೇಲೆ ಕುಪ್ಪಳಿಸಿದ್ದನ್ನು ಅವಳು ಕಂಡಿರಲಿಲ್ಲ. ಕಂಡದ್ದನ್ನು ನಂಬಬೇಕಾದರೆ ಕಿವಿಯ ಸಾಕ್ಷಿ ಬೇಕಿತ್ತು, ಅದು ಇರಲಿಲ್ಲ, ಆದ್ದರಿಂದ ಕಾಣಲಿಲ್ಲ ಎಂದುಕೊಂಡಳು. ಇಷ್ಟನ್ನು ಅವಳು ನಿನ್ನೆಯಿಂದ ತನಗೂ ಹೇಳಿಕೊಂಡಿರಲಿಲ್ಲ. ಎರಡನೆಯ ಓಣಿಯ ಕೊನೆಯಲ್ಲಿ, ಯಾರದೋ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು ಹೇಳಿಕೊಂಡಳು. ಆಮೇಲೆ ನಡಿಗೆ ಜೋರಾಯಿತು.

ಕೊನೆಯ ಮನೆಯ ಮುಂದೆ ಹುಡುಗಿಯ ಅತ್ತೆ, ಓಣಿಯವರು ಬಾಟ್ಲಿ ಅಮ್ಮ ಎಂದು ಕರೆಯುವ ಹೆಂಗಸು, ಗೋಣಿಚೀಲದ ಮೇಲೆ ಕಾಲು ಚಾಚಿ ಕೂತು ಖಾಲಿ ಬಾಟಲಿಗಳನ್ನು ಬೇರ್ಪಡಿಸುತ್ತಿದ್ದಳು. ಒಂದೊಂದನ್ನೂ ಎತ್ತಿ, ಬೆರಳಗೆಣ್ಣಿನಿಂದ ತಟ್ಟಿ, ಸೀಳು ಬಿಟ್ಟಿದ್ದನ್ನು ಎಡಕ್ಕೆ, ಗಟ್ಟಿ ಇದ್ದದ್ದನ್ನು ಬಲಕ್ಕೆ ಇಡುವಳು. ಬಾಯಲ್ಲಿ ಹಲ್ಲು ಕಡಿಮೆ, ಹಾಗಾಗಿ ತುಟಿ ಓದುವುದು ಕಷ್ಟ, ಆದರೆ ದನಿ ಮೂರು ಮನೆಗೆ ಸಾಕು.

"ಏನಮ್ಮಾ, ನಿನ್ನೆ ತಾನೆ ಬಂದಿದ್ದೆ. ಇವತ್ತೂ ಬಂದೆ. ನಮ್ಮ ಸೊಸೆನ ದತ್ತು ತಗೋತೀಯಾ ಹೇಗೆ?"

"ಹುಡುಗಿ ಹೇಗಿದ್ದಾಳಮ್ಮ?"

"ಮಹಾರಾಣಿ ಮಲಗಿದ್ದಾಳೆ. ತಲೆನೋವಂತೆ. ನಾನು ಆರು ಹೆತ್ತೆ ತಾಯಿ, ನಂಗೆ ತಲೆ ಅನ್ನೋದು ಒಂದಿದೆ ಅಂತಾನೇ ಗೊತ್ತಾಗ್ಲಿಲ್ಲ. ಈಗಿನವಕ್ಕೆ ಬಸುರು ಹೊಟ್ಟೇಲಿ, ನೋವು ತಲೇಲಿ."

ಎದುರು ಮನೆಯವಳು ಕಿಸಕ್ಕನೆ ನಕ್ಕಳು. ಇವಳು ಬಗ್ಗಿ ಒಳಗೆ ಹೋದಳು. ತಗಡಿನ ಮಾಡಿನ ಕೆಳಗೆ ಬಿಸಿ ದಪ್ಪಗೆ ಕೂತಿತ್ತು. ಹುಡುಗಿ ಗೋಡೆಯ ಕಡೆ ಮಗ್ಗುಲಾಗಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡಿದ್ದಳು. ಬಟ್ಟೆ ಸರಿಸಿದರೆ ರೆಪ್ಪೆಗಳೂ ಊದಿದ್ದವು, ಮುಖ ನಿನ್ನೆಯ ಮುಖದ ದೊಡ್ಡಕ್ಕನಂತಿತ್ತು. "ಬೆಳಕು ಚುಚ್ಚುತ್ತಕ್ಕ. ಕಣ್ಣು ಮುಚ್ಚಿದ್ರೆ ಮಿಣಮಿಣ ಅಂತ ಏನೋ ಹಾರಾಡ್ತದೆ" ಎಂದಳು. ಇವತ್ತು ನಗಲಿಲ್ಲ. ಎದೆಯ ಕೆಳಗೆ, ಬಲಕ್ಕೆ ಕೈಯಿಟ್ಟುಕೊಂಡು, "ಇಲ್ಲಿ ಹಿಡ್ಕೊಂಡಿದೆ" ಎಂದಳು. ಪಾಠದ ಹಾಳೆಯಲ್ಲಿ ಕೆಂಪು ಚೌಕದೊಳಗೆ ಬರೆದದ್ದೆಲ್ಲ ಒಂದೊಂದಾಗಿ ಹುಡುಗಿಯ ಬಾಯಿಂದ ಬರುತ್ತಿತ್ತು: ತಲೆನೋವು, ಕಣ್ಣ ಮುಂದೆ ಮಿಂಚು, ಮೇಲುಹೊಟ್ಟೆ ನೋವು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇದ್ದದ್ದು ಫಿಟ್ಸ್ ಎಂಬ ಮಾತು. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ ಎಂದಿತ್ತು.

ಹೊರಗೆ ಬಂದು, "ಅಮ್ಮ, ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು" ಎಂದಳು. ಬಾಟ್ಲಿ ಅಮ್ಮ ಕೈಯ ಬಾಟಲಿ ಕೆಳಗಿಡಲಿಲ್ಲ.

"ಯಾಕಂತೆ?"

"ಬಿ.ಪಿ. ಜಾಸ್ತಿ ಇರಬಹುದು."

"ಇರಬಹುದು! ನಿನ್ನೆ ನೀನೇ ಕಾರ್ಡಲ್ಲಿ ಬರ್ದಿದ್ದೀಯ, ಎಲ್ಲ ಸರಿ ಇದೆ ಅಂತ. ನನ್ನ ಮಗ ಓದಿ ಹೇಳ್ದ, ಓದಿ ಹೇಳಿ ಸಂಜೆ ಲಾರಿ ಹತ್ತಿ ಹೋದ. ಇವತ್ತು ಆಸ್ಪತ್ರೆ ಅಂತೀಯ. ಹೋದ ತಿಂಗ್ಳೂ ಹೀಗೇ ಹೋಗಿ, ಬೆಳಗ್ಗಿಂದ ಸಂಜೆವರೆಗೂ ಬೆಂಚ್ ಮೇಲೆ ಕೂರ್ಸಿ, ಕಾರ್ಡ್ ನೋಡಿ, ಎಲ್ಲ ಚೆನ್ನಾಗಿದೆಯಲ್ಲಮ್ಮ ಯಾಕೆ ಬಂದೆ ಅಂತ ಬೈದು ಕಳ್ಸಿದ್ರು. ಯಾವ ಮಾತು ನಂಬಲಿ? ನಿನ್ನೆ ಹಾಂ ಅಕ್ಕಂದಾ, ಇವತ್ತಿನ ಹಾಂ ಅಕ್ಕಂದಾ?"

ಓಣಿ ಕೇಳುತ್ತಿತ್ತು. ಎದುರು ಮನೆಯವಳು ಬಾಗಿಲಿಗೆ ಒರಗಿದ್ದಳು. ಇವಳು ಹೇಳಬೇಕಾದ್ದಕ್ಕೆ ಅಡ್ಡ ನಿಂತಿದ್ದು ಇವಳದೇ ದುಂಡಗಿನ ಅಕ್ಷರ. ಕಾರ್ಡು ಅಲ್ಲೇ ಗೂಡಿನಲ್ಲಿತ್ತು, ಆಸ್ಪತ್ರೆಯ ಬೆಂಚಿನಲ್ಲೂ ಅದೇ ಮುಂದೆ ಹೋಗಿ ಎಲ್ಲ ಚೆನ್ನಾಗಿದೆ ಎನ್ನುತ್ತದೆ. ಇದನ್ನು ಹೊಡೆದುಹಾಕಬೇಕಾದರೆ ಇನ್ನೊಂದು ಸಂಖ್ಯೆ ಬೇಕು, ನಿಜವಾದದ್ದು. ಬರೆದುಬಿಡಬಹುದು. ನೂರ ಎಂಬತ್ತು ಎಂದು ಈಗಲೇ ಬರೆದುಬಿಡಬಹುದು, ಯಾರು ಕೇಳುತ್ತಾರೆ? ಪೆನ್ನು ಕೈಗೆ ಬಂದೇ ಬಂತು. ಇಷ್ಟು ದಿನ ಸುಳ್ಳು ಬರೆದ ಕೈ, ಒಂದು ಒಳ್ಳೆಯ ಸುಳ್ಳನ್ನು ಬರೆಯಲಾರದೇ? ಆದರೆ ತನ್ನ ಊಹೆ ಮತ್ತು ಈ ಹುಡುಗಿಯ ರಕ್ತ, ಎರಡರಲ್ಲಿ ಯಾವುದನ್ನು ಬರೆಯುತ್ತಿದ್ದೇನೆಂದು ಅವಳಿಗೇ ತಿಳಿಯುತ್ತಿರಲಿಲ್ಲ, ಇವತ್ತೂ. ಬಾಟ್ಲಿ ಅಮ್ಮ ಇನ್ನೊಂದು ಬಾಟಲಿ ಎತ್ತಿ ತಟ್ಟಿದಳು, ತಲೆ ಓರೆ ಮಾಡಿದಳು, ಎಡಕ್ಕೆ ಇಟ್ಟಳು. ಇವಳ ಕಣ್ಣಿಗೆ ಆ ಬಾಟಲಿಯಲ್ಲಿ ಯಾವ ಸೀಳೂ ಕಾಣಲಿಲ್ಲ.

"ಅದು ಒಡೆದಿದೆ ಅಂತ ಹೇಗೆ ಗೊತ್ತಾಯ್ತು?"

"ಇದೇನ್ ಪ್ರಶ್ನೆ? ದನಿ ಹೇಳುತ್ತೆ."

"ಅಮ್ಮ, ಒಳಗೆ ಬನ್ನಿ. ನಿಮ್ಮ ಕಿವಿ ಬೇಕು. ನಂಗೆ ಕೇಳಿಸಲ್ಲ."

"ಹಾಂ?" ಎಂದಳು ಬಾಟ್ಲಿ ಅಮ್ಮ.

ಎಂದವಳೇ ತನ್ನ ಬಾಯಿಂದ ಬಂದದ್ದು ತನಗೇ ಗೊತ್ತಾಗಿ ಬಾಯಿಗೆ ಸೆರಗು ಹಿಡಿದಳು. ಎದುರು ಮನೆಯವಳು ಈ ಸಲ ನಗಲಿಲ್ಲ. ಇವಳು ಇನ್ನೊಮ್ಮೆ ಹೇಳಿದಳು, ಈ ಸಲ ದನಿ ಎಷ್ಟು ದೊಡ್ಡದಾದರೂ ಆಗಲಿ ಎಂದು. "ಈ ಮೆಷಿನ್ ಶಬ್ದ ನಂಗೆ ಕೇಳಿಸಲ್ಲ. ನಿನ್ನೆನೂ ಕೇಳಿಸ್ಲಿಲ್ಲ. ಸುಮ್ನೆ ಬರೆದೆ." ಹೇಳಿದ ಮೇಲೆ ಏನೂ ಬೀಳಲಿಲ್ಲ, ಮಾಡಿನ ತಗಡು ತಗಡಾಗಿಯೇ ಇತ್ತು. ಮುದುಕಿ ಅವಳನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು, ಬಾಟಲಿ ನೋಡುವ ಹಾಗೆ. ಬೈಯಲು ಬಾಯಿ ತೆರೆದಂತಿತ್ತು. ಒಳಗಿನಿಂದ ಹುಡುಗಿ ನರಳಿದ್ದಿರಬೇಕು, ಮುದುಕಿಯ ಮುಖ ಅತ್ತ ತಿರುಗಿತು. ಕೈ ಸೆರಗಿಗೆ ಒರೆಸಿಕೊಂಡು ಎದ್ದಳು.

ಇವಳು ಹುಡುಗಿಯ ತೋಳಿಗೆ ಪಟ್ಟಿ ಕಟ್ಟಿದಳು. ಕೊಳವೆಯ ಎರಡು ತುದಿಗಳನ್ನು ಬಾಟ್ಲಿ ಅಮ್ಮನ ಕಿವಿಗಿಟ್ಟಳು. ಆ ಕಿವಿಗಳು ದೊಡ್ಡವು, ಬೆಚ್ಚಗಿದ್ದವು, ಅವುಗಳನ್ನು ಮುಟ್ಟುವಾಗ ಅವಳಿಗೆ ಹೊಟ್ಟೆಕಿಚ್ಚಾಯಿತು. ಕೊಳವೆಯ ಇನ್ನೊಂದು ತುದಿಯ ಬಿಲ್ಲೆಯನ್ನು ಹುಡುಗಿಯ ಮೊಣಕೈಯ ಮಡಿಕೆಯಲ್ಲಿ ಒತ್ತಿ ಹಿಡಿದಳು. "ಟಕ್ ಟಕ್ ಅಂತ ಶುರುವಾದ ತಕ್ಷಣ ನನ್ನ ಕೈ ಮುಟ್ಟಿ. ನಿಂತ ತಕ್ಷಣ ಇನ್ನೊಂದು ಸಲ ಮುಟ್ಟಿ. ಮಾತಾಡ್ಬೇಡಿ."

"ನಾನು ಮಾತಾಡದೇ ಇರ್ತೀನಾ ಅತ್ತೆ, ಕೇಳು ಅವಳ್ನ" ಎಂದಳು ಹುಡುಗಿ, ಕಣ್ಣು ಮುಚ್ಚಿಕೊಂಡೇ, ತಡವರಿಸಿ, ಯಾರ ಮಾತು ಯಾರಿಗೆ ಎಂದು ತಪ್ಪಿದವಳಂತೆ. ಅತ್ತೆ ಸೊಸೆಯ ಹಣೆಯ ಮೇಲೆ ಕೈಯಿಟ್ಟು, "ಶ್" ಎಂದಳು.

ಇವಳು ಬುರುಡೆ ಅಮುಕಿದಳು. ಮುಳ್ಳು ಇನ್ನೂರ ಹತ್ತಕ್ಕೆ ಏರಿತು. ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಇನ್ನೂರು. ಮುದುಕಿ ತಲೆ ಓರೆ ಮಾಡಿ, ಗೋಡೆಯ ಒಂದು ಬಿಂದುವನ್ನು ನೋಡುತ್ತಿದ್ದಳು. ನೂರ ತೊಂಬತ್ತು. ಕೋಣೆ ಮೌನವಾಗಿತ್ತು, ಅಥವಾ ಅವಳಿಗೆ ಹಾಗಿತ್ತು. ಅವಳು ಬೇರೆ ಯಾರ ಮೌನವನ್ನೂ ಬಲ್ಲವಳಲ್ಲ. ನೂರ ಎಂಬತ್ತೆರಡರಲ್ಲಿ ಒರಟು ಬೆರಳುಗಳು ಅವಳ ಮುಂಗೈಯನ್ನು ಗಪ್ಪನೆ ಹಿಡಿದವು. ಮುಟ್ಟಿ ಎಂದಿದ್ದಳು, ಮುದುಕಿ ಹಿಡಿದೇಬಿಟ್ಟಳು. ಅದೇ ಕ್ಷಣ ಮುಳ್ಳು ಕುಪ್ಪಳಿಸಿತು. ಹಾಗಾದರೆ ಕಣ್ಣು ನಿನ್ನೆ ಸುಳ್ಳು ಹೇಳಿರಲಿಲ್ಲ. ನೂರ ಐವತ್ತು, ನೂರ ಮೂವತ್ತು. ಹಿಡಿತ ಬಿಗಿಯಾಗುತ್ತಾ ಹೋಯಿತು, ಮುದುಕಿಯ ತುಟಿಗಳು ಏನನ್ನೋ ಎಣಿಸುತ್ತಿದ್ದವು. ನೂರ ಹದಿನಾಲ್ಕಕ್ಕೆ ಕೈ ಸಡಿಲವಾಯಿತು.

"ಇದು ಇವಳದಾ?" ಎಂದಳು ಬಾಟ್ಲಿ ಅಮ್ಮ, ಕೊಳವೆ ತೆಗೆಯದೆ, ತೀರಾ ಜೋರಾಗಿ. "ಬಾಗಿಲು ಬಡಿದ ಹಾಗೆ ಬಡೀತಿದೆಯಲ್ಲೇ! ಇಷ್ಟು ದಿನ ಹಿಂಗೇ ಬಡೀತಿತ್ತಾ?"

ಇವಳು ಪೆನ್ನು ತೆಗೆದಳು. ಕಾರ್ಡಿನಲ್ಲಿ ನಿನ್ನೆಯ ಸಂಖ್ಯೆಯ ಕೆಳಗೆ ಹೊಸದನ್ನು ಬರೆದಳು. ಅಕ್ಷರ ಸೊಟ್ಟಸೊಟ್ಟವಾಯಿತು. ಎದುರು ಮನೆಯವಳೇ ಓಡಿಹೋಗಿ ರಸ್ತೆಯ ತುದಿಯಿಂದ ಆಟೋ ಕರೆತಂದಳು.

ಆಟೋದಲ್ಲಿ ಹುಡುಗಿಯನ್ನು ನಡುವೆ ಎಡಮಗ್ಗುಲಿಗೆ ಒರಗಿಸಿಕೊಂಡು ಕೂತರು. ಬಾಟ್ಲಿ ಅಮ್ಮ ಇವಳ ಎಡಗಡೆಗಿದ್ದಳು. ದಾರಿಯುದ್ದಕ್ಕೂ ಏನೋ ಹೇಳುತ್ತಾ ಇದ್ದಳು, ಗಾಳಿಗೆ ಹರಿದು ತುಂಡುಗಳು ಮಾತ್ರ ಬಂದವು: ನಾಟಕ ಅಂದೆ... ನೀರು ತರಿಸಿದೆ ನಿನ್ನೆ... ಎರಡು ಕೊಡ. ಬೈಯುತ್ತಿದ್ದಾಳೆಂದುಕೊಂಡಿದ್ದು ಬೈಗುಳವಲ್ಲ, ಅಥವಾ ಬೈಗುಳವೇ, ಆದರೆ ಇವಳಿಗಲ್ಲ, ತನಗೇ. ಇವಳು ತಲೆಯಾಡಿಸಲಿಲ್ಲ, ಹಾಂ ಎನ್ನಲಿಲ್ಲ. ಇವಳ ಮನಸ್ಸು ಬೇರೆ ಬಸುರಿಯರ ಮನೆಗಳ ಒಳಗಿತ್ತು. ಹಸಿರು ಬಾಗಿಲಿನವಳಿಗೆ ಏಳನೇ ತಿಂಗಳು. ನೂರ ಹದಿನೆಂಟು ಎಪ್ಪತ್ತೆಂಟು. ಇಸ್ತ್ರಿ ಅಂಗಡಿಯವನ ತಂಗಿಗೆ ಮೊದಲನೆಯದು, ಕಾಲುಂಗುರ ಬಿಗಿಯಾಯಿತೆಂದು ಸೋಪು ಹಚ್ಚಿ ತೆಗೆಯುತ್ತಿದ್ದಳು ಹೋದ ವಾರ, ಇವಳೇ ತೆಗೆಯಲು ಸಹಾಯ ಮಾಡಿದ್ದಳು. ನೂರಿಪ್ಪತ್ತು ಎಂಬತ್ತು. ಮನೆ ಮನೆಗಳೂ ಒಂದೊಂದಾಗಿ ಬಾಗಿಲು ತೆರೆದು, ಅಕ್ಕಾ ಒಳಗೆ ಬಾ, ಕೂತ್ಕೋ ಎನ್ನುತ್ತಿದ್ದವು. ಎಲ್ಲರ ತೋಳೂ ಮುಂದಕ್ಕೆ ಚಾಚಿತ್ತು. ಎಷ್ಟು ಜನ ಎಂದು ಮೊದಲ ಬಾರಿ ಬೆರಳು ಮಡಚಿ ಎಣಿಸಿದಳು.

ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಕೂರಿಸಲಿಲ್ಲ. ಹುಡುಗಿಯ ಮುಖ ನೋಡಿಯೇ ನರ್ಸ್ ಒಬ್ಬಳು ಗಾಲಿಮಂಚ ಎಳೆದು ತಂದಳು. ಡಾಕ್ಟರು ಬಂದಳು, ಎಳೆಯ ಹೆಣ್ಣು, ಕಣ್ಣಿನವರೆಗೆ ಮಾಸ್ಕು. ಪಟ್ಟಿ ಕಟ್ಟಿದಳು, ಕೇಳಿದಳು, ಮತ್ತೊಮ್ಮೆ ಕೇಳಿದಳು. ಅವಳ ಕಣ್ಣುಗಳು ಬದಲಾದದ್ದು ಕಂಡಿತು. ನರ್ಸಿಗೆ ಏನೋ ಹೇಳಿದಳು, ಸೂಜಿ ಬಂತು, ಸಲೈನ್ ಬಂತು, ಯಾರೋ ಓಡಿದರು. ಇಷ್ಟೆಲ್ಲ ಇವಳ ಮುಂದೆ ಗಾಜಿನ ಆಚೆ ನಡೆದ ಹಾಗೆ ನಡೆಯಿತು. ಎಲ್ಲರ ಬಾಯಿಯೂ ಬಟ್ಟೆಯೊಳಗಿತ್ತು. ಇಷ್ಟು ಜನರ ನಡುವೆ ಅವಳಿಗೆ ಒಂದು ಅಕ್ಷರವೂ ಸಿಗಲಿಲ್ಲ. ಹುಡುಗಿಯ ಕೈ ಮಂಚದ ಅಂಚಿನಲ್ಲಿ ಒಮ್ಮೆ ಅದುರಿತು, ಅಥವಾ ಗಾಲಿ ಕಲ್ಲಿಗೆ ತಾಗಿದ್ದಿರಬೇಕು, ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಡಾಕ್ಟರು ಹೊರಗೇ ನಿಂತಳು. ಕೈಯಲ್ಲಿ ಕಾರ್ಡು. ಮೇಲಿನ ಸಂಖ್ಯೆಯ ಮೇಲೆ ಬೆರಳಿಟ್ಟು, ಕೆಳಗಿನದರ ಮೇಲೆ ಇಟ್ಟು, ಮಾಸ್ಕು ಅಲುಗಿತು. ಪ್ರಶ್ನೆಯೆಂದು ಹುಬ್ಬಿನಿಂದ ಗೊತ್ತಾಯಿತು. ನಾಲಿಗೆಯ ತುದಿಗೆ ಹಾಂ ಬಂದು ಕೂತಿತು. ಅಷ್ಟರಲ್ಲಿ ಬಾಟ್ಲಿ ಅಮ್ಮ ಇಬ್ಬರ ನಡುವೆ ಬಂದು ನಿಂತಳು. ಅವಳ ಬಾಯಿಗೆ ಮಾಸ್ಕಿರಲಿಲ್ಲ. ಇಷ್ಟು ಹೊತ್ತಿಗೆ ಹಲ್ಲಿಲ್ಲದ ಆ ಬಾಯನ್ನು ಓದುವುದು ಇವಳಿಗೆ ರೂಢಿಯಾಗಿತ್ತು.

"ಆ ಮೆಷಿನ್ನೇ ಕೆಟ್ಟಿದೆ ಡಾಕ್ಟ್ರಮ್ಮ," ಎನ್ನುತ್ತಿದ್ದಳು ಬಾಟ್ಲಿ ಅಮ್ಮ. "ಹಳೇದು ಕೊಟ್ಟು ಕಳಿಸ್ತಾರೆ ಇವರಿಗೆ. ಪಾಪ ಇವಳೇನ್ಮಾಡ್ತಾಳೆ? ಇವಳೇ ಬಂದು ಇವತ್ತು ಹಠ ಮಾಡಿ ಕರ್ಕೊಂಡು ಬಂದ್ಲು. ಒಳ್ಳೆಯವಳು."

ಡಾಕ್ಟರ ಕಣ್ಣು ಮೆತ್ತಗಾಯಿತು. ಕಾರ್ಡಿನ ಅಂಚಿನಲ್ಲಿ ಏನೋ ಬರೆದುಕೊಳ್ಳಲು ಹೊರಟಳು. ಮೆಷಿನ್ ಕೆಟ್ಟಿದೆ. ಎಷ್ಟು ಸಲೀಸಾಗಿತ್ತು ಅದು. ಬೇರೆ ಯಾರೂ ಕೊಡದಿದ್ದನ್ನು ಕೈಯೆತ್ತಿ ಕೊಟ್ಟಿದ್ದಳು ಮುದುಕಿ, ತಾನು ಸೊಸೆಯಿಂದ ಹೊರಿಸಿದ ನೀರಿನ ಕೊಡಗಳನ್ನೂ ಅದರೊಳಗೇ ಸುತ್ತಿಟ್ಟು. ನಾಳೆ ಇನ್ನೊಂದು ಮೆಷಿನ್ ಬರುತ್ತದೆ. ಅದನ್ನು ಚೀಲಕ್ಕೆ ಹಾಕಿಕೊಂಡು ಅವಳೇ ಹೋಗುತ್ತಾಳೆ.

"ಮೆಷಿನ್ ಸರಿಯಾಗೇ ಇದೆ ಡಾಕ್ಟ್ರೇ."

ದನಿ ಸಣ್ಣದಾಯಿತೋ ಏನೋ, ಡಾಕ್ಟರ ಪೆನ್ನು ನಿಲ್ಲಲಿಲ್ಲ. ಅವಳು ಹತ್ತಿರ ಹೋಗಿ ಕಾರ್ಡಿನ ಮೇಲೆ ಕೈಯಿಟ್ಟಳು. ಬಾಟ್ಲಿ ಅಮ್ಮ ಹಿಂದಿನಿಂದ ಅವಳ ಸೆರಗು ಎಳೆದಳು, ಬೇಡ ಎಂಬಂತೆ.

"ಮೆಷಿನ್ ಸರಿಯಾಗಿದೆ. ನಂಗೆ ಕಿವಿ ಕೇಳಿಸಲ್ಲ. ಆರು ತಿಂಗಳಿಂದ ಎಲ್ಲರದ್ದೂ ಸುಮ್ನೆ ಬರ್ಕೊಂಡು ಬಂದಿದ್ದೀನಿ. ಇನ್ನೂ ಹದಿನೇಳು ಜನ ಬಸುರಿಯರು ಇದ್ದಾರೆ. ಇವತ್ತೇ ಯಾರಾದ್ರೂ ಹೋಗಿ ನೋಡ್ಬೇಕು."

ಸುತ್ತ ನಿಂತಿದ್ದವರು ತಿರುಗಿದರು. ಡಾಕ್ಟರ ಮಾಸ್ಕು ವೇಗವಾಗಿ ಅಲುಗತೊಡಗಿತು. ಒಳಕ್ಕೆ ಎಳೆದುಕೊಂಡಿತು, ಉಬ್ಬಿತು, ಮತ್ತೆ ಎಳೆದುಕೊಂಡಿತು. ಅವಳು ಅದನ್ನೇ ನೋಡುತ್ತಾ ನಿಂತಳು.

"ಮಾಸ್ಕ್ ಇಳಿಸಿ ಹೇಳಿ ಡಾಕ್ಟ್ರೇ," ಎಂದಳು. "ಬೈಯೋದಾದ್ರೂ ನಂಗೆ ಕಾಣ್ಬೇಕು."

ಮಾಸ್ಕು ಗದ್ದಕ್ಕೆ ಇಳಿಯಿತು. ಕೆಳಗೆ ಇದ್ದದ್ದು ಒಣಗಿದ, ದಣಿದ, ಸಣ್ಣ ಬಾಯಿ. ಅದು ಬೈಯಲಿಲ್ಲ. ಎರಡೇ ಪದ ಹೇಳಿತು, ನಿಧಾನವಾಗಿ, ಬಿಡಿಸಿ: "ಹೆಸರು ಹೇಳಿ."

ಯಾರ ಹೆಸರು? ದೂರಿನ ಹಾಳೆಗೆ ತನ್ನದೋ, ಆ ಹದಿನೇಳು ಜನರದೋ? ಕೇಳಬಹುದಿತ್ತು. ಅವಳು ಕೇಳಲಿಲ್ಲ. ಚೀಲದಿಂದ ರಿಜಿಸ್ಟರ್ ತೆಗೆದಳು, ಮೊದಲನೆಯ ಓಣಿಯ ಹಾಳೆ ಬಿಡಿಸಿದಳು, ಡಾಕ್ಟರಿಗೆ ಕೇಳುವಷ್ಟು ಜೋರಾಗಿ ಮೊದಲ ಹೆಸರಿನಿಂದ ಓದತೊಡಗಿದಳು.